ಹೆಸರು ಬೆಣ್ಣೆ, ಕೆಲಸ ಫಿರಂಗಿ: ಬಯಲುಸೀಮೆ ಕಟ್ಟಿದ ಅಮೃತಮಹಲ್ ಹಸುವಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)



ಇವತ್ತು ಒಂದು ಒಗಟಿನಿಂದ ಶುರು ಮಾಡೋಣ. ಮೈಸೂರು ಅರಸರ ಕಾಲದಲ್ಲಿ ಒಂದು ಸರ್ಕಾರಿ ಇಲಾಖೆ ಇತ್ತು. ಹೆಸರು ‘ಬೆಣ್ಣೆ ಚಾವಡಿ’. ಟಿಪ್ಪು ಸುಲ್ತಾನ್ ಬಂದ ಮೇಲೆ ಹೆಸರು ಬದಲಾಯ್ತು, ‘ಅಮೃತಮಹಲ್’ ಅಂತ. ಬೆಣ್ಣೆ, ಅಮೃತ. ಈ ಹೆಸರು ಕೇಳಿದ್ರೆ ಏನನ್ಸುತ್ತೆ? ಹಾಲಿನ ಹೊಳೆ ಹರಿಸೋ ಹಸುಗಳು ಅನ್ಸುತ್ತೆ. ಆದ್ರೆ ಅಮೃತಮಹಲ್ ಹಸು ದಿನಕ್ಕೆ ಕೊಡೋದು ಎರಡು ಲೀಟರ್ ಆಸುಪಾಸು. ಅದೂ ಕರು ಕುಡಿದು, ಹಸುವಿಗೆ ಮನಸ್ಸು ಬಂದ್ರೆ. ಇವತ್ತು ಡೇರಿಗೆ ಹಾಲು ಹಾಕೋ ಯಾವ ರೈತರೂ ಇದನ್ನ ಕಟ್ಟಲ್ಲ. ಹಾಗಿದ್ರೆ ಇದೇ ತಳಿಗೋಸ್ಕರ ಹೈದರಾಲಿ, ಟಿಪ್ಪು, ಆಮೇಲೆ ಈಸ್ಟ್ ಇಂಡಿಯಾ ಕಂಪನಿ ಯಾಕೆ ಅಷ್ಟು ತಲೆ ಕೆಡಿಸಿಕೊಂಡ್ರು? ಅಷ್ಟಕ್ಕೂ ಈ ಹಸು ಹಾಲು ಯಾಕೆ ಕೊಡಲ್ಲ?

ಈ ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ಅದು ನಮ್ಮ ಚಿತ್ರದುರ್ಗದ ಬಯಲು.

ಮಳೆ ಲೆಕ್ಕ

ಹಿರಿಯೂರು ತಾಲ್ಲೂಕಿನ ಬಬ್ಬೂರಿನ ಹೆಸರು ಕೃಷಿ ಓದಿದವರಿಗೆಲ್ಲ ಗೊತ್ತು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರ ಅಲ್ಲಿದೆ. ಎಲ್ಲರೂ ಕರೆಯೋದು ಬಬ್ಬೂರು ಫಾರಂ ಅಂತ. ಕಡಿಮೆ ಮಳೆಯಲ್ಲಿ ಯಾವ ಬೆಳೆ ಬದುಕುತ್ತೆ ಅನ್ನೋದು ಅಲ್ಲಿನ ಹಳೇ ಪ್ರಶ್ನೆ. ಬೆಳೆಗೆ ಆ ಪ್ರಶ್ನೆಯನ್ನ ವಿಜ್ಞಾನಿಗಳು ಕೇಳ್ತಾರೆ. ಪ್ರಾಣಿಗಳಿಗೆ ಅದೇ ಪ್ರಶ್ನೆಯನ್ನ ಈ ನೆಲವೇ ನೂರಾರು ವರ್ಷದಿಂದ ಕೇಳ್ತಾ ಬಂದಿದೆ.

ಈ ಸೀಮೆಯಲ್ಲಿ ವರ್ಷಕ್ಕೆ ಬೀಳೋ ಮಳೆ ಹೆಚ್ಚು ಕಮ್ಮಿ 600 ಮಿಲಿಮೀಟರ್. ಕೆಲವು ವರ್ಷ ಅದೂ ಇಲ್ಲ. ಇಲ್ಲಿಂದ ಪಶ್ಚಿಮಕ್ಕೆ ಇನ್ನೂರು ಕಿಲೋಮೀಟರ್ ಹೋದ್ರೆ ಆಗುಂಬೆ, ಅಲ್ಲಿ 7,000 ದಾಟುತ್ತೆ. ಬಬ್ಬೂರಿಗೆ ಹತ್ತಿರದಲ್ಲೇ ಇರೋ ವಾಣಿವಿಲಾಸ ಸಾಗರ, ಅದೇ ನಮ್ಮ ಮಾರಿಕಣಿವೆ, ವೇದಾವತಿಗೆ ಕಟ್ಟಿದ ಅಣೆಕಟ್ಟು. 1907ರಲ್ಲಿ ಕೆಲಸ ಮುಗೀತು. 1933ರಲ್ಲಿ ಕೋಡಿ ಬಿತ್ತು. ಮುಂದಿನ ಸಲ ಕೋಡಿ ಬಿದ್ದಿದ್ದು 2022ರಲ್ಲಿ. ಮಧ್ಯೆ 89 ವರ್ಷ! ಅಜ್ಜ ನೋಡಿದ್ದನ್ನ ಮೊಮ್ಮಗ ನೋಡೋಕೆ ಅಷ್ಟು ಕಾಲ ಬೇಕಾಯ್ತು.

ಇಂಥ ನೆಲದಲ್ಲಿ ಮರಗಳ ಕಾಡು ದಟ್ಟವಾಗಿ ಬೆಳೆಯಲ್ಲ. ಬೆಳೆಯೋದು ಹುಲ್ಲು, ಕುರುಚಲು ಗಿಡ, ಜಾಲಿ. ಮಳೆ ಬಂದ ಮೂರ್ನಾಲ್ಕು ತಿಂಗಳು ಹಸಿರು. ಆಮೇಲೆ ಒಣಹುಲ್ಲು, ಕಲ್ಲು, ಬಿಸಿಲು. ನೀರು ಒಂದು ಕಡೆ, ಮೇವು ಇನ್ನೊಂದು ಕಡೆ. ಇಲ್ಲಿ ಬದುಕಬೇಕಾದ ದನಕ್ಕೆ ಮೂರು ಷರತ್ತು. ಕಮ್ಮಿ ತಿನ್ನಬೇಕು, ಜಾಸ್ತಿ ನಡೀಬೇಕು, ಬಿಸಿಲು ತಡೀಬೇಕು.

ದೇಹದ ಬಜೆಟ್

ಕಾಮರ್ಸ್ ಓದಿದ ನನಗೆ ಜೀವವಿಕಾಸ ಅರ್ಥ ಆಗಿದ್ದು ಬಜೆಟ್ ಭಾಷೆಯಲ್ಲೇ. ಪ್ರಾಣಿಯ ಆದಾಯ ಅಂದ್ರೆ ತಿಂದ ಮೇವು. ಆ ಆದಾಯದಲ್ಲೇ ಎಲ್ಲ ಖರ್ಚು ನಡೀಬೇಕು. ಮೈ ಬೆಳೆಸೋದು, ನಡೆಯೋದು, ಕರು ಹಾಕೋದು, ಹಾಲು ಮಾಡೋದು, ಕಾಯಿಲೆ ವಿರುದ್ಧ ಹೋರಾಡೋದು. ಒಂದು ಕಡೆ ಖರ್ಚು ಜಾಸ್ತಿ ಮಾಡಿದ್ರೆ ಇನ್ನೊಂದು ಕಡೆ ಕಟ್.

ಇದರ ಜೊತೆಗೆ ಇನ್ನೊಂದು ಸಮಸ್ಯೆ ಇದೆ, ಅದನ್ನ ನಾವು ಮರೀತೀವಿ. ಹಾಲು ತಯಾರಾಗೋವಾಗ ದೇಹದೊಳಗೆ ಶಾಖ ಹುಟ್ಟುತ್ತೆ. ಮೇವು ಜೀರ್ಣ ಆಗೋವಾಗಲೂ ಅಷ್ಟೇ. ದಿನಕ್ಕೆ ಇಪ್ಪತ್ತು ಮೂವತ್ತು ಲೀಟರ್ ಹಾಲು ಕೊಡೋ ಹಸು ಅಂದ್ರೆ ಒಳಗೆ ಸದಾ ಒಲೆ ಉರೀತಾ ಇರೋ ಮನೆ. ತಂಪು ದೇಶದಲ್ಲಿ ಅದು ತೊಂದ್ರೆ ಇಲ್ಲ. ಆದ್ರೆ ಇಪ್ಪತ್ತೈದು ಡಿಗ್ರಿ ದಾಟುತ್ತಿದ್ದಂತೆ ಹೋಲ್‌ಸ್ಟೀನ್ ಫ್ರೀಸಿಯನ್, ಅಂದ್ರೆ ನಾವು ಎಚ್‌ಎಫ್ ಅನ್ನೋ ಹಸು, ಏದುಸಿರು ಬಿಡೋಕೆ ಶುರು ಮಾಡುತ್ತೆ. ಹಿರಿಯೂರಿನ ಏಪ್ರಿಲ್ ಬಿಸಿಲನ್ನ ನೆನಪು ಮಾಡ್ಕೊಳ್ಳಿ. ಅಂಥ ಬಯಲಲ್ಲಿ ನೆರಳಿಲ್ಲದೆ ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯೋ ಹಸುವಿಗೆ ಆ ಒಲೆ ಇಟ್ಟುಕೊಳ್ಳೋದು ಸಾಧ್ಯವೇ ಇಲ್ಲ.

ಹಾಗಾಗಿ ‘ಈ ಹಸು ಹಾಲು ಕೊಡಲ್ಲ, ದಂಡ’ ಅನ್ನೋದು ತಪ್ಪು ಓದು. ಕಮ್ಮಿ ಹಾಲು ಅನ್ನೋದು ಈ ನೆಲದಲ್ಲಿ ಬದುಕಿದ್ದಕ್ಕೆ ಕಟ್ಟಿದ ಬೆಲೆ.

ಭುಜದ ಮೇಲೆ ಡುಬ್ಬ ಇರೋ ನಮ್ಮ ದನಗಳನ್ನ ಜೀಬು ಅಂತಾರೆ. ಯುರೋಪಿನ ದನಗಳದ್ದು ಬೇರೆ ಕವಲು. ಎರಡೂ ಕವಲು ಬೇರೆ ಆಗಿದ್ದು ಮನುಷ್ಯ ದನ ಸಾಕೋಕೆ ಕಲಿಯೋದಕ್ಕಿಂತ ಎಷ್ಟೋ ಮೊದಲು. ಸುಮಾರು ಎಂಟು ಸಾವಿರ ವರ್ಷದ ಹಿಂದೆ ಸಿಂಧೂ ಕಣಿವೆಯ ಕಡೆ ಜನ ಜೀಬು ದನಗಳನ್ನ ಪಳಗಿಸಿದ್ರು. ಜೀಬುವಿನ ಚರ್ಮದಲ್ಲಿ ಬೆವರಿನ ಗ್ರಂಥಿಗಳು ದೊಡ್ಡವು, ಸಂಖ್ಯೆಯೂ ಜಾಸ್ತಿ. ಕೂದಲು ಗಿಡ್ಡ, ನುಣುಪು. ಸುಮ್ಮನೆ ನಿಂತಿದ್ದಾಗ ದೇಹ ಸುಡೋ ಇಂಧನ ಕಮ್ಮಿ. ಸತ್ವ ಇಲ್ಲದ ಒಣಹುಲ್ಲನ್ನೂ ಅರಗಿಸಿಕೊಳ್ಳುತ್ತೆ. ರಕ್ತದಲ್ಲಿರೋ ಯೂರಿಯಾವನ್ನ ಜೊಲ್ಲಿನ ಮೂಲಕ ಮತ್ತೆ ಹೊಟ್ಟೆಗೆ ಕಳಿಸಿ, ಅದರಲ್ಲಿರೋ ಸಾರಜನಕವನ್ನ ಮರುಬಳಕೆ ಮಾಡುತ್ತೆ. ಇದು ಎಲ್ಲ ಮೆಲುಕು ಹಾಕೋ ಪ್ರಾಣಿಗಳಿಗೂ ಇರೋ ಗುಣವೇ. ಬಡ ಮೇವಿನ ನಾಡಲ್ಲಿ ಅದರ ಬೆಲೆ ಜಾಸ್ತಿ, ಅಷ್ಟೇ.

ಹಾಗಂತ ಪ್ರತಿ ಅಂಗಕ್ಕೂ ಒಂದು ಕಾರಣ ಕಟ್ಟಬಾರದು. ಡುಬ್ಬ ನೋಡಿದ ತಕ್ಷಣ ‘ಒಂಟೆ ಥರ ಬರಗಾಲಕ್ಕೆ ಕೂಡಿಟ್ಟಿದ್ದು’ ಅಂತಾರೆ ಕೆಲವರು. ಜೀಬುವಿನ ಡುಬ್ಬದಲ್ಲಿ ಬಹುಪಾಲು ಇರೋದು ಮಾಂಸಖಂಡ, ಜೊತೆಗೆ ಒಂದಿಷ್ಟು ಕೊಬ್ಬು. ಅದು ಒಂಟೆಯ ಗೋದಾಮು ಅಲ್ಲ.

ಒಂದೇ ರಾಜ್ಯ, ಮೂರು ಹಸು

ಕರ್ನಾಟಕದ ನಕ್ಷೆ ಮೇಲೆ ಮೂರು ಚುಕ್ಕಿ ಇಡಿ. ಮೊದಲನೆಯದು ಮಲೆನಾಡು. ಅಲ್ಲಿ ಮಲೆನಾಡು ಗಿಡ್ಡ. ಎತ್ತರ ಮೂರು ಅಡಿ ಆಸುಪಾಸು. ಅಲ್ಲಿ ಹುಲ್ಲಿಗೇನೂ ಬರ ಇಲ್ಲ, ಆದ್ರೆ ಆ ಜಡಿಮಳೆ ಮಣ್ಣಿನ ಖನಿಜವನ್ನೆಲ್ಲ ತೊಳೆದುಕೊಂಡು ಹೋಗುತ್ತೆ. ಹುಲ್ಲು ಹಸಿರಾಗಿ ಕಂಡ್ರೂ ಒಳಗೆ ಸತ್ವ ಕಮ್ಮಿ. ಮೇಲಿಂದ ಜಾರೋ ಗುಡ್ಡ, ಉಣ್ಣೆ, ತೇವ. ಅಲ್ಲಿಗೆ ಸಣ್ಣ ದೇಹವೇ ಲಾಭ.

ಎರಡನೆಯದು ಕೃಷ್ಣಾ ತೀರದ ಎರೆಮಣ್ಣು. ಅಲ್ಲಿ ಕೃಷ್ಣಾ ವ್ಯಾಲಿ ತಳಿ. ಅಂಟೋ ಕಪ್ಪು ಮಣ್ಣಲ್ಲಿ ಆಳವಾಗಿ ನೇಗಿಲು ಎಳೀಬೇಕು, ಅದಕ್ಕೆ ಭಾರೀ ದೇಹ ಬೇಕು. ಸಾಂಗ್ಲಿ, ಮೀರಜ್, ಜಮಖಂಡಿ ಕಡೆಯ ಸಂಸ್ಥಾನಿಕರು 19ನೇ ಶತಮಾನದಲ್ಲಿ ಬೇರೆ ಬೇರೆ ತಳಿ ಸೇರಿಸಿ ಇದನ್ನ ರೂಪಿಸಿದ್ರು.

ಮೂರನೆಯದು ನಮ್ಮ ಮಧ್ಯದ ಬಯಲು. ಇಲ್ಲಿ ಹಳ್ಳಿಕಾರ್, ಅಮೃತಮಹಲ್. ಬಿಗಿಯಾದ ಮೈ, ಬೂದು ಬಣ್ಣ, ಉದ್ದ ಮುಖ, ಹಿಂದಕ್ಕೆ ಬಾಗಿದ ಈಟಿಯಂಥ ಕೊಂಬು, ಕಲ್ಲುನೆಲಕ್ಕೆ ಸವೆಯದ ಸಣ್ಣ ಗಟ್ಟಿ ಗೊರಸು. ಮೂರಕ್ಕೂ ಹೆಸರು ಹಸು ಅಂತಲೇ, ಆದ್ರೆ ಮೂರೂ ಬೇರೆ ಬೇರೆ ಪ್ರಶ್ನೆಗೆ ಸಿಕ್ಕಿದ ಉತ್ತರ.

ಇಲ್ಲೊಂದು ಗೊಂದಲ ಸಾಮಾನ್ಯ. ‘ಎತ್ತು ದಿನಾ ಓಡಿತು, ಅದಕ್ಕೆ ಕಾಲು ಗಟ್ಟಿ ಆಯ್ತು, ಆ ಗಟ್ಟಿ ಕಾಲು ಕರುವಿಗೂ ಬಂತು’ ಅಂದುಕೊಳ್ತೀವಿ. ಹಾಗಲ್ಲ. ಜಿಮ್‌ಗೆ ಹೋದವನ ಮಗ ಸಿಕ್ಸ್‌ಪ್ಯಾಕ್ ಜೊತೆ ಹುಟ್ಟಲ್ಲ ಅಲ್ವಾ? ಹಿಂಡಿನಲ್ಲಿ ಹುಟ್ಟುವಾಗಲೇ ಕರುಗಳ ನಡುವೆ ಸಣ್ಣ ಸಣ್ಣ ವ್ಯತ್ಯಾಸ ಇರುತ್ತೆ. ಬರ ಬಂದಾಗ, ದೂರ ನಡೆದಾಗ, ತೋಳ ಚಿರತೆ ಬಂದಾಗ ಯಾವುದು ಉಳಿದು ಕರು ಹಾಕುತ್ತೋ ಅದರ ಗುಣ ಮುಂದಕ್ಕೆ ಹೋಗುತ್ತೆ. 1876ರಿಂದ 78ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಐದರಲ್ಲಿ ಒಂದು ಪಾಲಿನಷ್ಟು ಜನರೇ ಸತ್ತರು ಅಂದ್ರೆ, ದನಗಳ ಪಾಡು ಊಹಿಸಿ. ಅಂಥ ವರ್ಷ ಉಳಿದಿದ್ದೆಲ್ಲ ಶಕ್ತಿಶಾಲಿ ಅಂತೇನಿಲ್ಲ, ಯಾರ ಕೆರೆಯಲ್ಲಿ ನೀರಿತ್ತು ಅನ್ನೋ ಅದೃಷ್ಟವೂ ಇತ್ತು. ಆದ್ರೆ ಬರ ಒಂದೇ ಸಲ ಬರಲ್ಲ. ತಲೆಮಾರು ತಲೆಮಾರಿಗೂ ಬಂದಾಗ ಅದೃಷ್ಟದ ಪಾಲು ಕರಗುತ್ತೆ, ಗುಣದ ಪಾಲು ಉಳಿಯುತ್ತೆ.

ಬೆಣ್ಣೆ ಚಾವಡಿಯಿಂದ ಫಿರಂಗಿ ಗಾಡಿಗೆ

ಈಗ ಮನುಷ್ಯರು ಕಥೆಗೆ ಬರ್ತಾರೆ. ವಿಜಯನಗರದ ಪ್ರತಿನಿಧಿ ಶ್ರೀರಂಗಪಟ್ಟಣದಲ್ಲಿ ಕೂತಿದ್ದ ಕಾಲದಲ್ಲೇ ಅಲ್ಲಿ ಹಳ್ಳಿಕಾರ್ ಹಸುಗಳ ಒಂದು ಹಿಂಡು ಇತ್ತು. 1610ರಲ್ಲಿ ರಾಜ ಒಡೆಯರ್ ಶ್ರೀರಂಗಪಟ್ಟಣ ಹಿಡಿದಾಗ ಹಿಂಡೂ ಅವರ ಕೈಗೆ ಬಂತು. 17ನೇ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರ್ ಅದನ್ನೊಂದು ಇಲಾಖೆ ಮಾಡಿದ್ರು. ಅರಮನೆಗೆ ಹಾಲು ಬೆಣ್ಣೆ ಒದಗಿಸೋದು ಅದರ ಕೆಲಸ, ಹೆಸರು ಬೆಣ್ಣೆ ಚಾವಡಿ. ಹಿಂಡು ಮೇಯೋಕೆ ರಾಜ್ಯದ ಉದ್ದಗಲಕ್ಕೂ ಹುಲ್ಲುಗಾವಲು ಮೀಸಲಿಟ್ರು. ಅವೇ ಕಾವಲುಗಳು.

ಹೈದರಾಲಿ ಈ ಹಿಂಡಲ್ಲಿ ಬೇರೇನೋ ಕಂಡ. ಪಾಳೆಯಗಾರರನ್ನ ಸೋಲಿಸಿದಾಗಲೆಲ್ಲ ಅವರ ದನಗಳೂ ಹಿಂಡಿಗೆ ಸೇರ್ತಾ ಹೋದ್ವು. 1779ರಲ್ಲಿ ಚಿತ್ರದುರ್ಗವೂ ಬಿತ್ತು. ಬೆಣ್ಣೆ ಇಲಾಖೆ ಸೇನೆಯ ಸಾರಿಗೆ ಇಲಾಖೆ ಆಯ್ತು. ಅವತ್ತಿನ ಯುದ್ಧದಲ್ಲಿ ಫಿರಂಗಿ ಎಳೆಯೋದು ಎತ್ತು. ಎತ್ತು ನಿಧಾನ ಆದ್ರೆ ಸೇನೆಯೇ ನಿಧಾನ. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಸೇನೆ ಓಡಿಸಿದ ಅಂತ ಬ್ರಿಟಿಷ್ ಕಾಲದ ಬರಹಗಳೇ ಹೇಳ್ತವೆ, ಅದರ ಶ್ರೇಯಸ್ಸನ್ನ ಈ ಎತ್ತುಗಳಿಗೆ ಕೊಡ್ತವೆ. ಸೋತ ಮೇಲೂ ಶತ್ರುವಿನ ಕಣ್ಣೆದುರೇ ಫಿರಂಗಿ ಎಳ್ಕೊಂಡು ಹೋಗ್ತಿದ್ದನಂತೆ.

ಟಿಪ್ಪು ಇಲಾಖೆಗೆ ಅಮೃತಮಹಲ್ ಅಂತ ಹೆಸರಿಟ್ಟು, ದನ ಸಾಕಣೆಗೆ ಒಂದು ಹುಕುಂನಾಮೆ ಹೊರಡಿಸಿದ. ಹಿಂಡನ್ನ ಹೇಗೆ ವಿಂಗಡಿಸಬೇಕು, ಲೆಕ್ಕ ಹೇಗಿಡಬೇಕು, ಎಲ್ಲ ನಿಯಮ. ಮುಂದೆ ಬ್ರಿಟಿಷರೂ ಬಹುಪಾಲು ಅದನ್ನೇ ಪಾಲಿಸಿದ್ರು.

ನಮ್ಮ ವಿಷಯಕ್ಕೆ ಮುಖ್ಯವಾಗಿದ್ದು ಸಾಕಿದ ರೀತಿ. ಈ ದನಗಳಿಗೆ ಕೊಟ್ಟಿಗೆ ಇರಲಿಲ್ಲ. ಹಗಲೂ ರಾತ್ರಿಯೂ ಬಯಲು. ಬೇಸಿಗೆಗೆ ಒಂದು ಕಾವಲು, ಮಳೆಗೆ ಒಂದು, ಚಳಿಗೆ ಇನ್ನೊಂದು, ಹೀಗೆ ಕಾವಲುಗಳನ್ನೇ ವಿಂಗಡಿಸಿದ್ರು. ಹಿಂಡು ಋತುವಿನ ಜೊತೆ ನಡೀತಿತ್ತು. ಅಂದ್ರೆ ಇಲ್ಲಿ ಎರಡು ಜರಡಿ ಒಟ್ಟಿಗೆ ಕೆಲಸ ಮಾಡಿದ್ವು. ನೆಲದ ಜರಡಿ ಬಿಸಿಲು ತಾಳದ್ದನ್ನ, ನಡೆಯಲಾರದ್ದನ್ನ ಉಳಿಸಲಿಲ್ಲ. ಮನುಷ್ಯನ ಜರಡಿ ಯಾವ ಹೋರಿ ಬೀಜಕ್ಕೆ, ಯಾವುದು ಬರೀ ಗಾಡಿಗೆ ಅಂತ ತೀರ್ಮಾನಿಸಿತು. ಡಾರ್ವಿನ್ 1868ರಲ್ಲಿ ಸಾಕುಪ್ರಾಣಿಗಳ ಬದಲಾವಣೆ ಬಗ್ಗೆ ಎರಡು ಸಂಪುಟದ ದೊಡ್ಡ ಪುಸ್ತಕ ಬರೆದ. ಅಷ್ಟು ಹೊತ್ತಿಗೆ ನಮ್ಮ ಬಯಲಲ್ಲಿ ಈ ಪ್ರಯೋಗಕ್ಕೆ ಇನ್ನೂರು ವರ್ಷ ಆಗ್ತಾ ಬಂದಿತ್ತು.

ಸಿಡುಕು ಸ್ವಭಾವವೂ ಇದೇ ಲೆಕ್ಕದ್ದು. ಬಯಲಲ್ಲಿ ಕರು ಹಾಕೋ ಹಸು ಅಪರಿಚಿತರ ಮೇಲೆ ಕೊಂಬು ಬೀಸಲಿಲ್ಲ ಅಂದ್ರೆ ಕರು ಉಳಿಯಲ್ಲ. ಡೇರಿಯವರಿಗೆ ಅದು ಅವಗುಣ. ತೋಳದ ನಾಡಲ್ಲಿ ಅದೇ ಗುಣ.

ಮಾರಿದ್ದು, ಮತ್ತೆ ಕೊಂಡಿದ್ದು

1799ರಲ್ಲಿ ಟಿಪ್ಪು ಬಿದ್ದ. ಮರುವರ್ಷವೇ ಕರ್ನಲ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್‌ನನ್ನ ಸೋಲಿಸಿ ಹೆಸರಾದ ಅದೇ ಡ್ಯೂಕ್ ಆಫ್ ವೆಲ್ಲಿಂಗ್ಟನ್, ಧೋಂಡಿಯಾ ವಾಘ್‌ನನ್ನ ಬೆನ್ನಟ್ಟೋಕೆ ನಂಬಿದ್ದು ಈ ಎತ್ತುಗಳನ್ನೇ. ಆಮೇಲೆ ಹಿಂಡು ಸರಿಯಾದ ನಿಗಾ ಇಲ್ಲದೆ ಕ್ಷೀಣಿಸಿತು. 1813ರಲ್ಲಿ ಕಂಪನಿ ಅದನ್ನ ಮತ್ತೆ ಕೈಗೆ ತಗೊಂಡು ಕ್ಯಾಪ್ಟನ್ ಹಾರ್ವಿ ಅನ್ನೋ ಅಧಿಕಾರಿಗೆ ವಹಿಸಿತು, ಹತ್ತು ವರ್ಷದಲ್ಲಿ ಹಿಂಡು ಚೇತರಿಸಿತು.

1860ರಲ್ಲಿ ಮದ್ರಾಸ್ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯಾನ್ ಖರ್ಚು ಉಳಿಸೋಕೆ ಅಂತ ಇಡೀ ಹಿಂಡನ್ನ ಮಾರಿಬಿಟ್ಟ. ಬ್ಯಾಲೆನ್ಸ್ ಶೀಟಲ್ಲಿ ಅದು ಉಳಿತಾಯವೇ. ಆದ್ರೆ ಸೇನೆಗೆ ಒಳ್ಳೇ ಎತ್ತು ಸಿಗದೆ, 1866ರಲ್ಲಿ ಇಲಾಖೆಯನ್ನ ಮತ್ತೆ ಶುರು ಮಾಡಬೇಕಾಯ್ತು. ಚದುರಿ ಹೋದ ದನಗಳನ್ನ ಹುಡುಕಿ ಕೊಳ್ಳಬೇಕಾಯ್ತು. ಆಗ ಅದು ಸಾಧ್ಯ ಆಯ್ತು, ಯಾಕಂದ್ರೆ ದನ ಮಾರಿದ್ರೂ ಸೀಮೆಯ ಬಯಲು ಇನ್ನೂ ಇತ್ತು, ರೈತರ ಮನೆಯಲ್ಲಿ ಆ ರಕ್ತ ಇನ್ನೂ ಇತ್ತು. ಈ ಮಾತು ನೆನಪಿಟ್ಕೊಳ್ಳಿ. 1882ರಲ್ಲಿ ಹಿಂಡು ಮೈಸೂರು ಸರ್ಕಾರಕ್ಕೆ ವಾಪಸ್ ಬಂತು, 1923ರಲ್ಲಿ ಕೃಷಿ ಇಲಾಖೆಗೆ ಸೇರಿತು. ಈಗ ತಳಿ ಸಂವರ್ಧನೆಯ ಮುಖ್ಯ ಕೇಂದ್ರ ಅಜ್ಜಂಪುರದಲ್ಲಿದೆ.

ಇದು ಬರೀ ಅರಮನೆಯ ಕಥೆಯೂ ಅಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸಬೇಡರು ಇವತ್ತಿಗೂ ದೇವರ ಎತ್ತುಗಳ ಹಿಂಡು ಸಾಕ್ತಾರೆ. ಕಿಲಾರಿಗಳು ಅವುಗಳ ಜೊತೆಗೇ ಬಯಲಲ್ಲಿ ಬದುಕ್ತಾರೆ. ಆ ಎತ್ತುಗಳನ್ನ ಹೂಡಲ್ಲ, ಮಾರಲ್ಲ. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪ ದನ ಕಾಯೋನೇ. ಅವನ ಕಥೆಯನ್ನ ಗಣೆ ಅನ್ನೋ ಉದ್ದ ಕೊಳಲಿನ ಜೊತೆ ಹಾಡ್ತಾರೆ. ರಾಜರು ಇಲಾಖೆ ಕಟ್ಟೋಕೆ ಮೊದಲೂ, ಇಲಾಖೆ ಸೊರಗಿದ ಮೇಲೂ, ಬಯಲು ಮತ್ತು ದನದ ಈ ಸಂಬಂಧವನ್ನ ಉಳಿಸಿದ್ದು ಇಂಥ ಜನ.

ಮಾರುಕಟ್ಟೆಯೂ ಒಂದು ಹವಾಮಾನ

ಟ್ರ್ಯಾಕ್ಟರ್ ಬಂತು, ಲಾರಿ ಬಂತು. ಎತ್ತಿನ ಕೆಲಸ ಹೋಯ್ತು. ಡೇರಿ ಬಂತು, ಲೀಟರ್ ಲೆಕ್ಕ ಬಂತು. ಬೋರ್‌ವೆಲ್ ನೀರಲ್ಲಿ ಮೇವು ಬೆಳೆದು ಎಚ್‌ಎಫ್ ಮಿಶ್ರತಳಿ ಕಟ್ಟಿದ ರೈತರನ್ನ ಬೈಯೋದಕ್ಕೆ ನಾವ್ಯಾರು? ಮಕ್ಕಳ ಫೀಸು ಬರ್ತಿರೋದು ಆ ಹಾಲಿನಿಂದಲೇ. ಪರಿಸರ ಬದಲಾದ್ರೆ ಯಾವ ಗುಣ ಗೆಲ್ಲುತ್ತೆ ಅನ್ನೋದೂ ಬದಲಾಗುತ್ತೆ. ಇವತ್ತಿನ ಪರಿಸರದಲ್ಲಿ ಮಾರುಕಟ್ಟೆಯೂ ಒಂದು ಭಾಗ.

ಕುರಿಗಳಲ್ಲಿ ಇದು ಇನ್ನೂ ಬೇಗ ಕಾಣುತ್ತೆ. ಚಳ್ಳಕೆರೆ ಕಂಬಳಿಗೆ ಹೆಸರುವಾಸಿ. ಅದಕ್ಕೆ ಬೇಕಾಗಿದ್ದು ನಾಡ ಕುರಿಯ ಕರಿ, ಒರಟು ಉಣ್ಣೆ. ಬಯಲಲ್ಲೇ ಮಲಗೋ ಕುರಿಗೆ ಹಗಲಿನ ಬಿಸಿಲಿಗೂ ರಾತ್ರಿಯ ಚಳಿಗೂ ಅದೇ ಹೊದಿಕೆ. ಈಗ ಒರಟು ಉಣ್ಣೆಗೆ ಬೆಲೆ ಬಿದ್ದಿದೆ, ಕತ್ತರಿಸೋ ಕೂಲಿಯೂ ಹುಟ್ಟಲ್ಲ. ಮಾಂಸಕ್ಕೆ ಬೆಲೆ ಇದೆ. ಹಾಗಾಗಿ ಉಣ್ಣೆ ಇಲ್ಲದ, ಬೇಗ ತೂಕ ಬರೋ ತಳಿಗಳ ಟಗರು ತಂದು ಬೆರೆಸ್ತಾರೆ. ಬಿಸಿಲು ಚಳಿ ಶತಮಾನಗಟ್ಟಲೆ ಕಾಪಾಡಿದ ಗುಣವನ್ನ ಮಾರುಕಟ್ಟೆ ಕೆಲವೇ ದಶಕದಲ್ಲಿ ಅಳಿಸಬಹುದು.

ಹೊರಗಿನ ಒಂದು ಉದಾಹರಣೆ ಕೇಳಿ. ಆಂಧ್ರದ ಒಂಗೋಲ್ ದನ ಬ್ರೆಜಿಲ್‌ಗೆ ಹೋಯ್ತು. ಅಲ್ಲಿ ಅದರ ಹೆಸರು ನೆಲೋರ್. ಇವತ್ತು ಆ ದೇಶದ ಮಾಂಸೋದ್ಯಮ ನಿಂತಿರೋದೇ ಹೆಚ್ಚಾಗಿ ಅದರ ಮೇಲೆ, ಯಾಕಂದ್ರೆ ಉಷ್ಣವಲಯದ ಬಿಸಿಲಿಗೆ, ಉಣ್ಣೆಗೆ ಯುರೋಪಿನ ದನ ತಡೀಲಿಲ್ಲ. ನಮಗೆ ‘ಲಾಭ ಇಲ್ಲ’ ಅನ್ನಿಸಿದ ಗುಣ ಇನ್ನೊಬ್ಬರ ಬಂಡವಾಳ ಆಯ್ತು.

ಬಯಲು ಹೋದ ಮೇಲೆ

ಈಗ ಕಾವಲುಗಳ ವಿಷಯ. ಸರ್ಕಾರಿ ಕಡತದಲ್ಲಿ ಹುಲ್ಲುಗಾವಲನ್ನ ಎಷ್ಟೋ ಸಲ ‘ಬೀಳು’ ಅಂತಲೇ ನೋಡಿದ್ದಾರೆ. ಕೃಷಿಗೆ, ನೆಡುತೋಪಿಗೆ, ಕಟ್ಟಡಕ್ಕೆ ಹೋಗುತ್ತಾ ಕಾವಲುಗಳು ಕರಗಿದ್ವು. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಡೆಯ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಸ್ರೋ ಮುಂತಾದವಕ್ಕೆ ಕೊಟ್ಟರು. ಅಲ್ಲಿ ದನ ಕುರಿ ಮೇಯಿಸ್ತಿದ್ದ ಹಳ್ಳಿಗಳು ವಿರೋಧಿಸಿದ್ವು, ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. 2023ರ ಏಪ್ರಿಲ್ 2ರಂದು ಅದೇ ಬಯಲಿನ ರನ್‌ವೇ ಮೇಲೆ ಇಸ್ರೋದ ಮರುಬಳಕೆ ಉಡಾವಣಾ ವಾಹನ ತಾನೇ ತಾನಾಗಿ ಇಳಿಯಿತು. ಇಡೀ ದೇಶ ಚಪ್ಪಾಳೆ ಹೊಡೀತು, ನಾನೂ ಹೊಡೆದೆ. ಆದ್ರೆ ಅದು ಖಾಲಿ ಜಾಗ ಆಗಿರಲಿಲ್ಲ ಅನ್ನೋದೂ ಅಷ್ಟೇ ನಿಜ.

ಆ ಹುಲ್ಲನ್ನ ನಂಬಿದ್ದು ದನ ಒಂದೇ ಅಲ್ಲ. ಕೃಷ್ಣಮೃಗ ಬಯಲಿಗೆ ಹುಟ್ಟಿದ ಪ್ರಾಣಿ, ಮರೆಯಾಗೋಕೆ ಮರ ಇಲ್ಲದ ಕಡೆ ಓಟವೇ ಅದರ ರಕ್ಷಣೆ. ಅದನ್ನ ಅಟ್ಟಿಸಿಕೊಂಡು ಓಡ್ತಿದ್ದ ಚೀತಾ ನಮ್ಮ ದೇಶದಲ್ಲಿ ಅಳಿದು ಎಷ್ಟೋ ದಶಕ ಆದ್ರೂ ಆ ಓಟ ಇನ್ನೂ ಅದರ ಕಾಲಲ್ಲಿದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನ 2011ರಲ್ಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ರು. ದನಕ್ಕಾಗಿ ರಾಜರು ಉಳಿಸಿದ ಹುಲ್ಲು ಜಿಂಕೆಯನ್ನೂ ಉಳಿಸಿತು.

‘ವೀರ್ಯವನ್ನ ಫ್ರೀಜ್ ಮಾಡಿ ಇಟ್ರೆ ತಳಿ ಉಳೀತಲ್ಲ’ ಅಂತ ನೀವು ಕೇಳಬಹುದು. ಅದು ಬೇಕು, ಖಂಡಿತ ಬೇಕು. ಆದ್ರೆ ಅದು ಹಳೇ ಫೋಟೋ ಬ್ಯಾಕಪ್ ಇದ್ದ ಹಾಗೆ. ಕೊಟ್ಟಿಗೆಯಲ್ಲಿ ಕಟ್ಟಿ, ತೊಟ್ಟಿಯಲ್ಲಿ ಮೇವು ಹಾಕಿ ಹತ್ತು ತಲೆಮಾರು ಸಾಕಿದ್ರೆ, ನೆಲದ ಜರಡಿ ಅಲ್ಲಿ ಕೆಲಸವನ್ನೇ ಮಾಡಲ್ಲ. ಹೆಸರು ಅಮೃತಮಹಲ್ ಅಂತಲೇ ಇರುತ್ತೆ, ಬಿಸಿಲಲ್ಲಿ ನಡೆಯೋ ಗುಣ ಇರುತ್ತೆ ಅನ್ನೋಕೆ ಗ್ಯಾರಂಟಿ ಇಲ್ಲ. 1866ರಲ್ಲಿ ಮಾರಿದ ಹಿಂಡನ್ನ ಮತ್ತೆ ಕಟ್ಟೋಕೆ ಆಯ್ತು. ಬಯಲೇ ಹೋದ ಮೇಲೆ ಅಂಥ ಎರಡನೇ ಚಾನ್ಸ್ ಕಷ್ಟ.

ಬೇಸಿಗೆಗಳು ವರ್ಷದಿಂದ ವರ್ಷಕ್ಕೆ ಕಾಯ್ತಾ ಇರೋ ಈ ಕಾಲದಲ್ಲಿ, ಕಮ್ಮಿ ತಿಂದು, ಬಿಸಿಲು ತಡೆದು ನಡೆಯೋ ದೇಹ ಮುಂದೆ ಯಾರಿಗೆ, ಯಾವಾಗ ಬೇಕಾಗುತ್ತೋ ಯಾರೂ ಹೇಳಲಾರರು. ಟ್ರೆವೆಲ್ಯಾನ್‌ಗೂ ಗೊತ್ತಿರಲಿಲ್ಲ, ಆರೇ ವರ್ಷದಲ್ಲಿ ಬೇಕಾಗುತ್ತೆ ಅಂತ.

ನಿಮ್ಮೂರ ಹೆಸರಿನ ಜೊತೆ ‘ಕಾವಲು’ ಅನ್ನೋ ಪದ ಇದೆಯಾ? ಅಕ್ಕಪಕ್ಕದ ಸರ್ವೆ ನಂಬರಲ್ಲಿ ಅಮೃತಮಹಲ್ ಕಾವಲು ಅಂತ ಇದೆಯಾ? ಮನೆಯ ಹಿರಿಯರನ್ನ ಕೇಳಿ, ಅಲ್ಲಿ ಏನು ಮೇಯ್ತಿತ್ತು, ಈಗ ಏನಿದೆ ಅಂತ. ಸಿಕ್ಕಿದ್ದನ್ನ ವಾಯ್ಸ್ ನೋಟ್ ಮಾಡಿ ಕಳಿಸಿ, ಕೇಳೋಕೆ ಕಾಯ್ತಿರ್ತೀನಿ.